ವಿಸ್ಕಾನ್ಸಿನ್ ಸಂಚಾರ ನ್ಯಾಯಾಲಯದ ದಾಖಲೆಗಳು: ಜಾಲತಾಣ ಸೊಗಸು, ಕಾಗದಕ್ಕೆ ಮಾತ್ರ ಕೌಂಟಿ ಕಚೇರಿಯೇ ಗತಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಕಾರು ಓಡಿಸುವಾಗ ಪೊಲೀಸರಿಂದ ಟಿಕೆಟ್ ಪಡೆದು, ದಂಡ ಕಟ್ಟಿ, ಆ ವಿಷಯವನ್ನೇ ಮರೆತವರಿಗೆ ಕೆಲವು ವರ್ಷಗಳ ನಂತರ ಆ ಪ್ರಕರಣ ಹೇಗೆ ಮುಗಿಯಿತೆಂದು ತೋರಿಸುವ ನ್ಯಾಯಾಲಯದ ಕಾಗದ ಬೇಕಾಗುವುದುಂಟು. ಉದ್ಯೋಗಕ್ಕೆ ಮುನ್ನ ನಡೆಯುವ ಪೂರ್ವಾಪರ ವಿಚಾರಣೆ, ವಾಹನ ವಿಮೆ, ಎಲ್ಲಕ್ಕಿಂತ ಹೆಚ್ಚಾಗಿ ವಲಸೆ ಮತ್ತು ಪೌರತ್ವದ ಅರ್ಜಿಗಳು ಈ ಅಗತ್ಯವನ್ನು ತಂದೊಡ್ಡುತ್ತವೆ. ಇದಕ್ಕಾಗಿ ರಾಜ್ಯದ ನ್ಯಾಯಾಂಗ ಒದಗಿಸಿರುವ ಸೇವೆ ಎರಡು ಕಡೆ ಹಂಚಿಹೋಗಿದೆ: ಯಾರು ಬೇಕಾದರೂ ಉಚಿತವಾಗಿ ನೋಡಬಹುದಾದ ‘ವಿಸ್ಕಾನ್ಸಿನ್ ಸರ್ಕ್ಯೂಟ್ ಕೋರ್ಟ್ ಆ್ಯಕ್ಸೆಸ್’ ಎಂಬ ಜಾಲತಾಣ ಒಂದು, ಪ್ರತಿ ಕೌಂಟಿಯಲ್ಲೂ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಇರುವ ‘ಕ್ಲರ್ಕ್ ಆಫ್ ಸರ್ಕ್ಯೂಟ್ ಕೋರ್ಟ್’, ಅಂದರೆ ಅಲ್ಲಿನ ವಿಚಾರಣಾ ನ್ಯಾಯಾಲಯದ ದಾಖಲೆಗಳನ್ನು ಇಟ್ಟುಕೊಳ್ಳುವ ಕಚೇರಿ ಇನ್ನೊಂದು. ಮೊದಲನೆಯದು ನಾನು ಬಳಸಿದ ಸರ್ಕಾರಿ ಜಾಲತಾಣಗಳಲ್ಲಿಯೇ ಬಲು ಅಚ್ಚುಕಟ್ಟಾದದ್ದು. ಎರಡನೆಯದರ ಗುಣಮಟ್ಟ ಕೌಂಟಿಯಿಂದ ಕೌಂಟಿಗೆ ಬದಲಾಗುತ್ತದೆ. ಆದರೆ ಮೊದಲನೆಯದನ್ನು ನೋಡಿ ಕೆಲಸ ಮುಗಿಯಿತೆಂದು ತಿಳಿಯುವವರು ಇಕ್ಕಟ್ಟಿಗೆ ಸಿಲುಕುತ್ತಾರೆ ಎಂಬುದೇ ಈ ವಿಮರ್ಶೆಯ ಮುಖ್ಯ ಮಾತು.

ಜಾಲತಾಣ 1999ರಿಂದ ಸಾರ್ವಜನಿಕರಿಗೆ ತೆರೆದಿದೆ. ನ್ಯಾಯಾಲಯಗಳ ಗಣಕ ವ್ಯವಸ್ಥೆಯನ್ನು ನಡೆಸುವ ವಿಭಾಗದ ಹೆಸರಿನಿಂದಾಗಿ ಜನ ಇದನ್ನು ‘ಸೀಕ್ಯಾಪ್’ ಎಂದೇ ಕರೆಯುತ್ತಾರೆ; ಅಲ್ಲಿನ ವಕೀಲರು, ಮನೆ ಬಾಡಿಗೆಗೆ ಕೊಡುವವರು, ಪತ್ರಕರ್ತರು, ಕುತೂಹಲದ ನೆರೆಹೊರೆಯವರು ಎಲ್ಲರ ಬಾಯಲ್ಲೂ ಅದೇ ಹೆಸರು. ಖಾತೆ ತೆರೆಯಬೇಕಾಗಿಲ್ಲ, ಶುಲ್ಕವಿಲ್ಲ, ಏಕೆ ಹುಡುಕುತ್ತಿದ್ದೀರಿ ಎಂದು ಕೇಳುವುದಿಲ್ಲ. ಹೆಸರು ಅಥವಾ ಪ್ರಕರಣದ ಸಂಖ್ಯೆ ಕೊಟ್ಟು, ಕೌಂಟಿಯನ್ನು ಆರಿಸಿ ಅಥವಾ 72 ಕೌಂಟಿಗಳನ್ನೂ ಒಟ್ಟಿಗೆ ಇಟ್ಟುಕೊಂಡು ಹುಡುಕಬಹುದು. ಪ್ರತಿ ನ್ಯಾಯಾಲಯದ ಬಾಗಿಲನ್ನೂ ಬೇರೆಬೇರೆಯಾಗಿ ತಟ್ಟಬೇಕಾದ ರಾಜ್ಯಗಳೂ ಇರುವಾಗ ಇದು ಸಣ್ಣ ಅನುಕೂಲವೇನಲ್ಲ.

ಹೆಸರಿನಿಂದ ಹುಡುಕುವಾಗ ನಮ್ಮವರಿಗೆ ಒಂದು ವಿಶೇಷ ತೊಡಕಿದೆ. ಟಿಕೆಟ್ಟಿನಲ್ಲಿ ಬರುವ ಹೆಸರು ಸಾಮಾನ್ಯವಾಗಿ ಚಾಲನಾ ಪರವಾನಗಿಯಲ್ಲಿ ಇರುವಂಥದ್ದು; ಪರವಾನಗಿಯ ಹೆಸರು ಪಾಸ್‌ಪೋರ್ಟ್ ಮತ್ತು ವೀಸಾದಿಂದ ಬಂದದ್ದು. ಇನಿಷಿಯಲ್ ಬಳಸುವ ನಮ್ಮ ಕಡೆಯ ಹೆಸರುಗಳು ಆ ದಾರಿಯಲ್ಲಿ ಸಾಗುವಾಗ ತಂದೆಯ ಹೆಸರು ಕೊನೆಯ ಹೆಸರಾಗುತ್ತದೆ, ಸ್ವಂತ ಹೆಸರೇ ಕೊನೆಯ ಹೆಸರಿನ ಸ್ಥಾನಕ್ಕೆ ಹೋಗಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ತಿಳಿದಿಲ್ಲ) ಎಂಬ ಮೂರಕ್ಷರ ಕುಳಿತುಕೊಳ್ಳುವುದೂ ಉಂಟು. ಆದ್ದರಿಂದ ಹೆಸರನ್ನು ಎರಡೂ ಕ್ರಮದಲ್ಲಿ ಹುಡುಕಿ ನೋಡದೆ ‘ದಾಖಲೆ ಇಲ್ಲ’ ಎಂಬ ತೀರ್ಮಾನಕ್ಕೆ ಬರಬಾರದು. ಹಳೆಯ ಟಿಕೆಟ್ಟಿನ ಪ್ರತಿ ಕೈಯಲ್ಲಿದ್ದರೆ ಈ ತಾಪತ್ರಯ ಬಹುಮಟ್ಟಿಗೆ ತಪ್ಪುತ್ತದೆ, ಏಕೆಂದರೆ ಹೆಸರು ಹೇಗೆ ನಮೂದಾಗಿದೆ, ಪ್ರಕರಣ ಯಾವ ನ್ಯಾಯಾಲಯಕ್ಕೆ ಹೋಗಿದೆ, ಹಾಜರಾಗಬೇಕಾದ ದಿನ ಯಾವುದು ಎಂಬುದೆಲ್ಲ ಅದರಲ್ಲಿಯೇ ಇರುತ್ತದೆ.

ಪ್ರಕರಣದ ಸಂಖ್ಯೆಯನ್ನು ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ. ಮೊದಲು ವರ್ಷ, ನಂತರ ಎರಡಕ್ಷರದ ಸಂಕೇತ, ಕೊನೆಗೆ ಕ್ರಮಸಂಖ್ಯೆ. ಸಂಕೇತ ‘ಟಿಆರ್’ ಎಂದಿದ್ದರೆ ಅದು ದಂಡದಲ್ಲಿ ಮುಗಿಯುವ ಸಂಚಾರ ಪ್ರಕರಣ; ‘ಸಿಟಿ’ ಎಂದಿದ್ದರೆ ಕ್ರಿಮಿನಲ್ ಸ್ವರೂಪದ ಸಂಚಾರ ಪ್ರಕರಣ. ಈ ವ್ಯತ್ಯಾಸ ಬರಿಯ ವರ್ಗೀಕರಣದ ಮಾತಲ್ಲ. ಕೇವಲ ‘ಫರ್ಫೀಚರ್’ ಎಂಬ ದಂಡಕ್ಕೆ ಗುರಿಯಾಗುವ ಕೃತ್ಯ ಅಪರಾಧವಲ್ಲ ಎಂದು ವಿಸ್ಕಾನ್ಸಿನ್ ಕಾನೂನಿನ 939.12ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಹೀಗಾಗಿ ಅತಿವೇಗದ ಚಾಲನೆ, ಕೆಂಪು ದೀಪ ದಾಟಿದ್ದು ಇತ್ಯಾದಿಗಳೆಲ್ಲ ಸಿವಿಲ್ ಪ್ರಕರಣಗಳೇ. ಕುಡಿದು ವಾಹನ ಓಡಿಸಿ ಮೊದಲ ಬಾರಿ ಸಿಕ್ಕಿಬಿದ್ದದ್ದು ಕೂಡ ಇಲ್ಲಿ ಸಾಮಾನ್ಯವಾಗಿ ಸಿವಿಲ್ ಉಲ್ಲಂಘನೆಯಷ್ಟೇ. ಬೇರೆ ರಾಜ್ಯಗಳವರು ಹುಬ್ಬೇರಿಸುವ ಸಂಗತಿ ಇದು. ಆದರೆ ರಾಜ್ಯ ಸಿವಿಲ್ ಎಂದು ಕರೆದ ಮಾತ್ರಕ್ಕೆ ವಲಸೆ ಇಲಾಖೆಯೂ ಅದನ್ನು ಹಗುರವಾಗಿ ಕಾಣುತ್ತದೆಂದು ಭಾವಿಸುವಂತಿಲ್ಲ. ಮದ್ಯ ಅಥವಾ ಮಾದಕ ವಸ್ತುವಿನ ಸಂಬಂಧವಿರುವ ಪ್ರಕರಣವಾದರೆ ಕಾಗದಪತ್ರ ಪೂರ್ತಿ ಇಟ್ಟುಕೊಂಡು ವಕೀಲರನ್ನು ಕಾಣುವುದೇ ಮೇಲು.

ಪ್ರಕರಣದ ಪುಟ ತೆರೆದಾಗ ಹಲವರನ್ನು ದಿಗಿಲುಗೊಳಿಸುವುದು ತೀರ್ಪಿನ ಸಾಲು. ನ್ಯಾಯಾಲಯದ ಮೆಟ್ಟಿಲನ್ನೇ ಹತ್ತದೆ, ಟಿಕೆಟ್ಟಿನಲ್ಲಿದ್ದ ಮೊತ್ತವನ್ನು ಅಂಚೆಯಲ್ಲಿಯೋ ಆನ್‌ಲೈನ್‌ನಲ್ಲಿಯೋ ಕಟ್ಟಿದವರ ಹೆಸರಿನ ಮುಂದೆಯೂ ‘ತಪ್ಪಿತಸ್ಥ’ ಎಂದು ಬರೆದಿರುತ್ತದೆ. ಕಾರಣ ಸರಳ: ಠೇವಣಿ ಎನಿಸುವ ಆ ಮೊತ್ತವನ್ನು ಕಟ್ಟಿ ವಿಚಾರಣೆಗೆ ಹಾಜರಾಗದೆ ಇರುವುದನ್ನು ಇಲ್ಲಿನ ಕಾನೂನು ‘ನೋ ಕಾಂಟೆಸ್ಟ್’, ಅಂದರೆ ಆರೋಪವನ್ನು ಒಪ್ಪಲೂ ಇಲ್ಲ, ಎದುರಿಸಲೂ ಇಲ್ಲ ಎಂಬ ನಿಲುವಾಗಿ ಪರಿಗಣಿಸುತ್ತದೆ, ಮತ್ತು ಆ ನಿಲುವಿನ ಮೇಲೆ ತಪ್ಪಿತಸ್ಥನೆಂಬ ತೀರ್ಪು ದಾಖಲಾಗುತ್ತದೆ. ಜಾಲತಾಣ ಇದನ್ನು ಓದುಗರಿಗೆ ಇನ್ನಷ್ಟು ಬಿಡಿಸಿ ಹೇಳಬಹುದಿತ್ತು ಎಂಬುದು ನನ್ನ ಆಕ್ಷೇಪಣೆಗಳಲ್ಲಿ ಮೊದಲನೆಯದು. ಕಲಂ ಸಂಖ್ಯೆ, ಉಲ್ಲಂಘನೆಯ ವಿವರ, ತೀರ್ಪು, ದಂಡ ಎಲ್ಲವೂ ಇವೆ. ಆದರೆ ಕಾನೂನು ಗೊತ್ತಿಲ್ಲದವರಿಗೆ ಅವುಗಳ ತೂಕ ತಿಳಿಯುವುದಿಲ್ಲ.

ಆರೋಪ ಮಧ್ಯದಲ್ಲಿ ಬದಲಾಗಿದ್ದರೆ ಅದೂ ಈ ಪುಟದಲ್ಲಿ ಕಾಣುತ್ತದೆ, ಇದು ಮೆಚ್ಚಬೇಕಾದ ಅಂಶ. ಪ್ರತಿ ಉಲ್ಲಂಘನೆಗೂ ಚಾಲಕರ ದಾಖಲೆಗೆ ‘ಪಾಯಿಂಟ್’ ಎಂಬ ದೋಷಾಂಕಗಳು ಸೇರುತ್ತವೆ: ಮಿತಿಗಿಂತ ಗಂಟೆಗೆ 20 ಮೈಲಿ ಅಥವಾ ಅದಕ್ಕೂ ಹೆಚ್ಚು ವೇಗದಲ್ಲಿ ಓಡಿಸಿದರೆ 6 ಪಾಯಿಂಟ್, 11ರಿಂದ 19 ಮೈಲಿಯಾದರೆ 4 ಪಾಯಿಂಟ್. 12 ತಿಂಗಳಲ್ಲಿ 12 ಪಾಯಿಂಟ್ ಸೇರಿದರೆ ಪರವಾನಗಿ ಅಮಾನತು. ಆದ್ದರಿಂದ ಸರ್ಕಾರಿ ವಕೀಲರೊಂದಿಗೆ ಮಾತುಕತೆಯಾಗಿ ಕಡಿಮೆ ತೂಕದ ಆರೋಪಕ್ಕೆ ಇಳಿಸಿಕೊಳ್ಳುವುದು ಸಾಮಾನ್ಯ. ಅಂಥ ಪ್ರಕರಣಗಳಲ್ಲಿ ಮೊದಲ ಟಿಕೆಟ್ಟನ್ನೇ ಸಾಕ್ಷಿಯಾಗಿ ಒಪ್ಪಿಸುವುದಕ್ಕಿಂತ ನ್ಯಾಯಾಲಯದ ಅಂತಿಮ ತೀರ್ಪನ್ನು ಒಪ್ಪಿಸುವುದು ಸಂಬಂಧಪಟ್ಟವರಿಗೇ ಹಿತ.

ಇನ್ನು ಕೊರತೆಗಳು. ದೊಡ್ಡದೆಂದರೆ, ಈ ಜಾಲತಾಣದಲ್ಲಿ ಮುನ್ಸಿಪಲ್ ಕೋರ್ಟುಗಳ, ಅಂದರೆ ಊರುಗಳೇ ನಡೆಸುವ ಸ್ಥಳೀಯ ನ್ಯಾಯಾಲಯಗಳ ಪ್ರಕರಣಗಳಿಲ್ಲ. ವಿಸ್ಕಾನ್ಸಿನ್‌ನಲ್ಲಿ 200ಕ್ಕೂ ಹೆಚ್ಚು ಮುನ್ಸಿಪಲ್ ಕೋರ್ಟುಗಳಿವೆ. ನಗರ ಅಥವಾ ಗ್ರಾಮದ ಪೊಲೀಸರು ಸ್ಥಳೀಯ ನಿಯಮದಡಿ ಕೊಟ್ಟ ಟಿಕೆಟ್ಟು ಬಹಳಷ್ಟು ಸಲ ಅಲ್ಲಿಗೇ ಹೋಗುತ್ತದೆ, ಹೆದ್ದಾರಿ ಗಸ್ತಿನವರು ಅಥವಾ ಕೌಂಟಿಯ ಶೆರೀಫ್ ಇಲಾಖೆಯವರು ಕೊಟ್ಟದ್ದು ಸರ್ಕ್ಯೂಟ್ ಕೋರ್ಟಿಗೆ ಬರುತ್ತದೆ. ಮಿಲ್ವಾಕಿ ನಗರದ ಮುನ್ಸಿಪಲ್ ಕೋರ್ಟಿಗೆ ತನ್ನದೇ ಆದ ಹುಡುಕಾಟದ ಜಾಲತಾಣವಿದೆ. ಆದರೆ ಸಣ್ಣ ಊರಿನ ನ್ಯಾಯಾಲಯವಾದರೆ ಫೋನ್ ಮಾಡಿ ಕೇಳುವುದೇ ದಾರಿಯಾಗಬಹುದು. ರಾಜ್ಯದ ಜಾಲತಾಣದಲ್ಲಿ ಏನೂ ಸಿಗದಿದ್ದಾಗ ‘ನನ್ನ ಮೇಲೆ ದಾಖಲೆಯೇ ಇಲ್ಲ’ ಎಂದು ಅರ್ಜಿಯಲ್ಲಿ ಬರೆದುಬಿಡುವ ಅಪಾಯ ಇರುವುದು ಇಲ್ಲಿಯೇ.

ಎರಡನೆಯ ಕೊರತೆ ಕಾಲಕ್ಕೆ ಸಂಬಂಧಿಸಿದ್ದು, ಮತ್ತು ಅದನ್ನು ಕೊರತೆ ಎನ್ನಬೇಕೋ ಕರುಣೆ ಎನ್ನಬೇಕೋ ಎಂಬುದು ಹುಡುಕುವವರು ಯಾರೆಂಬುದನ್ನು ಅವಲಂಬಿಸಿದೆ. ರಾಜ್ಯದ ಸುಪ್ರೀಂ ಕೋರ್ಟಿನ ನಿಯಮದಂತೆ ಸಾಮಾನ್ಯ ಸಂಚಾರ ದಂಡದ ಕಡತವನ್ನು ತೀರ್ಪಾದ ಮೇಲೆ 5 ವರ್ಷ ಉಳಿಸಿಕೊಂಡರೆ ಸಾಕು. ಆ ಅವಧಿ ಕಳೆದ ಮೇಲೆ ಜಾಲತಾಣದಲ್ಲಿಯೂ ಅದು ಕಾಣದೇ ಹೋಗಬಹುದು, ಕಡತವೂ ನಾಶವಾಗಬಹುದು. ಇದಕ್ಕೆ ತದ್ವಿರುದ್ಧವಾಗಿ, ವಜಾ ಆದ ಕ್ರಿಮಿನಲ್ ಪ್ರಕರಣಗಳನ್ನು ಎರಡು ವರ್ಷಗಳ ಬಳಿಕ ಜಾಲತಾಣದಿಂದ ತೆಗೆಯುವ ಪದ್ಧತಿ ಇದೆಯಾದರೂ ಅವುಗಳ ಕಡತ ಕೌಂಟಿ ಕಚೇರಿಯಲ್ಲಿ ಹಾಗೆಯೇ ಇರುತ್ತದೆ. ಅಂದರೆ ಪರದೆಯ ಮೇಲೆ ಕಾಣದಿರುವುದಕ್ಕೆ ಎರಡು ಅರ್ಥಗಳಿವೆ, ಮತ್ತು ಪರದೆ ನೋಡಿ ಯಾವುದು ನಿಜವೆಂದು ಹೇಳಲಾಗುವುದಿಲ್ಲ.

ಮೂರನೆಯದು, ಪುಟದಲ್ಲಿ ಇರುವುದು ಪ್ರಕರಣದ ಸಾರಾಂಶ ಮತ್ತು ಘಟನಾವಳಿ ಮಾತ್ರ. ಟಿಕೆಟ್ಟಿನ ಪ್ರತಿಯಾಗಲಿ, ಆದೇಶದ ಪ್ರತಿಯಾಗಲಿ ಅಲ್ಲಿ ಸಿಗುವುದಿಲ್ಲ. ಪುಟವನ್ನು ಮುದ್ರಿಸಿಕೊಂಡು ಕೊಟ್ಟರೆ ಕೆಲವರು ಒಪ್ಪಬಹುದು. ದೃಢೀಕೃತ ಪ್ರತಿ ಬೇಕೆಂದು ಕೇಳಿದವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಆಗ ಹೋಗಬೇಕಾದದ್ದು ಪ್ರಕರಣ ನಡೆದ ಕೌಂಟಿಯ ಕ್ಲರ್ಕ್ ಕಚೇರಿಗೆ. ಶುಲ್ಕ ಕಾನೂನಿನಲ್ಲಿಯೇ ನಿಗದಿಯಾಗಿದೆ: ನಕಲು ಪುಟಕ್ಕೆ 1.25 ಡಾಲರ್, ದೃಢೀಕರಣಕ್ಕೆ 5 ಡಾಲರ್. ಪ್ರಕರಣದ ಸಂಖ್ಯೆ ಕೊಡದೆ ಹುಡುಕಿಕೊಡಿ ಎಂದರೆ ಹುಡುಕುವುದಕ್ಕೆ ಮತ್ತೆ 5 ಡಾಲರ್. ಈ ಒಂದು ಕಾರಣಕ್ಕಾದರೂ ಮೊದಲು ಜಾಲತಾಣದಲ್ಲಿ ಸಂಖ್ಯೆಯನ್ನು ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಮನವಿಯಲ್ಲಿ ಪ್ರಕರಣದ ಸಂಖ್ಯೆ, ಪರವಾನಗಿಯಲ್ಲಿರುವಂತೆ ಹೆಸರು, ಯಾವ ಕಾಗದ ಬೇಕು, ದೃಢೀಕರಣ ಬೇಕೇ ಎಂಬಿಷ್ಟನ್ನು ಬರೆದರೆ ಸಾಕು. ‘ನನ್ನ ಕಡತ ಕಳಿಸಿ’ ಎನ್ನುವುದಕ್ಕಿಂತ ‘ತೀರ್ಪಿನ ದೃಢೀಕೃತ ಪ್ರತಿ ಕಳಿಸಿ’ ಎಂದರೆ ಹಣವೂ ಉಳಿಯುತ್ತದೆ, ಬೇಕಾದ ಕಾಗದವೂ ಬರುತ್ತದೆ. ಇನ್ನೊಬ್ಬರ ಸಾರ್ವಜನಿಕ ದಾಖಲೆಯನ್ನು ಕೇಳುವವರಿಗೂ ಬಾಗಿಲು ತೆರೆದೇ ಇದೆ: ಕೇಳುವವರು ತಮ್ಮ ಗುರುತನ್ನಾಗಲಿ ಉದ್ದೇಶವನ್ನಾಗಲಿ ಹೇಳಲಿಲ್ಲವೆಂಬ ಕಾರಣಕ್ಕೆ ಮನವಿಯನ್ನು ತಿರಸ್ಕರಿಸುವಂತಿಲ್ಲ ಎಂಬುದು ಈ ರಾಜ್ಯದ ಸಾರ್ವಜನಿಕ ದಾಖಲೆಗಳ ಕಾನೂನಿನ ಸಾಮಾನ್ಯ ನಿಯಮ.

ಸೇವೆಯ ಅನುಭವ ಮಾತ್ರ ಎಲ್ಲೆಡೆ ಒಂದೇ ಅಲ್ಲ. ಒಂದು ಕೌಂಟಿಯ ಕಚೇರಿ ಇಮೇಲ್‌ನಲ್ಲಿ ಬಂದ ಮನವಿಗೆ ಶುಲ್ಕದ ಮೊತ್ತ ತಿಳಿಸಿ, ಹಣ ತಲುಪಿದೊಡನೆ ಮುದ್ರೆ ಒತ್ತಿದ ಪ್ರತಿಯನ್ನು ಅಂಚೆಗೆ ಹಾಕಿತು. ಇನ್ನೊಂದು ಕೌಂಟಿಯವರು ಚೆಕ್ಕನ್ನೂ, ಅಂಚೆಚೀಟಿ ಅಂಟಿಸಿ ಸ್ವಂತ ವಿಳಾಸ ಬರೆದ ಲಕೋಟೆಯನ್ನೂ ಕಳಿಸಿದ ಮೇಲಷ್ಟೇ ಕಡತ ತೆರೆದರು. ರಾಜ್ಯವ್ಯಾಪಿಯಾದ ಹುಡುಕಾಟವನ್ನು ಇಷ್ಟು ಸೊಗಸಾಗಿ ಕಟ್ಟಿದವರು ಮನವಿ ಸಲ್ಲಿಸುವ ಕ್ರಮವನ್ನೂ ಏಕರೂಪಕ್ಕೆ ತಂದಿದ್ದರೆ ನಾನು ಐದಕ್ಕೆ ಐದು ಅಂಕ ಕೊಡುತ್ತಿದ್ದೆ. ಈಗ ಜಾಲತಾಣಕ್ಕೆ ನಾಲ್ಕು, ಕೌಂಟಿ ಕಚೇರಿಗಳ ಸೇವೆಗೆ ಒಟ್ಟಾರೆ ಮೂರು.

ಹಣ ಪಡೆದು ಇದೇ ಮಾಹಿತಿಯನ್ನು ಒದಗಿಸುವ ಖಾಸಗಿ ಜಾಲತಾಣಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಉಚಿತವಾಗಿ ಸಿಗುವುದಕ್ಕೆ ಅಲ್ಲಿ ಹಣ ತೆರಬೇಕು, ದೃಢೀಕೃತ ಪ್ರತಿ ಕೊಡುವ ಅಧಿಕಾರ ಅವರಿಗಿಲ್ಲ, ಮೂಲದಲ್ಲಿ ಆದ ಬದಲಾವಣೆ ಅಲ್ಲಿಗೆ ತಲುಪಿದೆಯೇ ಎಂಬ ಖಾತ್ರಿಯೂ ಇಲ್ಲ. ಹಾಗೆಯೇ ಸಾರಿಗೆ ಇಲಾಖೆಯಿಂದ ಸಿಗುವ ಚಾಲಕರ ದಾಖಲೆ ಬೇರೆಯದೇ ವಸ್ತು. ಪಾಯಿಂಟ್‌ಗಳನ್ನು ತಿಳಿಯಲು, ವಿಮೆ ಕಂಪನಿಗೆ ಉತ್ತರಿಸಲು ಅದು ಸರಿ. ಪ್ರಕರಣ ಯಾವ ನ್ಯಾಯಾಲಯಕ್ಕೆ ಹೋಗಿತ್ತೆಂಬುದೇ ಮರೆತುಹೋಗಿದ್ದರೆ ಹುಡುಕಾಟವನ್ನು ಅದರಿಂದ ಆರಂಭಿಸಬಹುದು, ಆದರೆ ನ್ಯಾಯಾಲಯದ ತೀರ್ಪಿನ ಸ್ಥಾನವನ್ನು ಅದು ತುಂಬುವುದಿಲ್ಲ.

ಹೆಸರು ಹೊಂದಿಕೆಯಾದುದನ್ನೇ ನಂಬಿ ಬೇರೊಬ್ಬರ ಪ್ರಕರಣವನ್ನು ತಮ್ಮ ಬಳಿ ಬಂದ ಅರ್ಜಿದಾರರದೆಂದು ತಿಳಿಯುವ ಉದ್ಯೋಗದಾತರು, ಮನೆ ಮಾಲೀಕರು ಇರುವುದರಿಂದ ಈ ಜಾಲತಾಣದ ಮುಕ್ತತೆಯ ಬಗ್ಗೆ ವಿಸ್ಕಾನ್ಸಿನ್‌ನಲ್ಲಿ ಹಳೆಯ ವಾದವಿವಾದವಿದೆ. ಬಂಧನ ಅಥವಾ ಶಿಕ್ಷೆಯ ದಾಖಲೆಯ ಕಾರಣಕ್ಕೆ ಉದ್ಯೋಗಾಕಾಂಕ್ಷಿಯ ವಿರುದ್ಧ ತಾರತಮ್ಯ ಮಾಡುವುದು ರಾಜ್ಯದ ಕಾನೂನಿಗೆ ವಿರುದ್ಧವಾಗಬಹುದೆಂಬ ಎಚ್ಚರಿಕೆಯನ್ನು ಜಾಲತಾಣವೇ ಉದ್ಯೋಗದಾತರಿಗೆ ನೀಡುತ್ತದೆ. ಆ ಎಚ್ಚರಿಕೆಯನ್ನು ಎಷ್ಟು ಜನ ಓದುತ್ತಾರೋ, ನನಗೆ ಅನುಮಾನ.

ಕಡತ ನಾಶವಾಗಿದೆ ಎಂದು ಕಚೇರಿಯವರು ಹೇಳಿದರೆ ಬರಿಗೈಯಲ್ಲಿ ಹಿಂತಿರುಗಬೇಡಿ. ಆ ಹೆಸರಿನ ದಾಖಲೆ ತಮ್ಮಲ್ಲಿ ಈಗ ಇಲ್ಲವೆಂದೋ, ನಿಯಮದಂತೆ ಕಡತವನ್ನು ವಿಲೇವಾರಿ ಮಾಡಲಾಗಿದೆಯೆಂದೋ ಕಚೇರಿಯ ಮುದ್ರೆಯೊಂದಿಗೆ ಒಂದು ಪತ್ರ ಕೊಡಲು ಕೇಳಿ. ಕೊಡಲಾಗದ ತೀರ್ಪಿನ ಬದಲಿಗೆ ಅರ್ಜಿಯೊಂದಿಗೆ ಲಗತ್ತಿಸಲು ಅದೇ ಆಧಾರವಾಗುತ್ತದೆ.