ಸಿಂಪ್ಸನ್ ಮರುಭೂಮಿ: ಫ್ರೆಂಚ್ ಲೈನೋ, ರಿಗ್ ರೋಡೋ?

ಆಸ್ಟ್ರೇಲಿಯಾದ ಸಿಂಪ್ಸನ್ ಮರುಭೂಮಿ ದಾಟಲು ಇರುವ ಈ ಎರಡೂ 1960ರ ದಶಕದಲ್ಲಿ ಎಣ್ಣೆ ಹುಡುಕಲು ಹೋದವರು ಕಡಿದ ದಾರಿಗಳೇ. ಫ್ರೆಂಚ್ ಲೈನ್ ದಾರ ಹಿಡಿದಂತೆ ನೇರ; ಅಡ್ಡ ಬಂದ ಮರಳುದಿಬ್ಬವನ್ನೆಲ್ಲ ಹತ್ತಿ ಇಳಿಯಬೇಕು. ರಿಗ್ ರೋಡ್ ಭಾರಿ ಯಂತ್ರ ಸಾಗಿಸಲು ಮಾಡಿದ್ದು, ದಕ್ಷಿಣಕ್ಕೆ ಬಳಸಿ ಹೋಗುತ್ತದೆ. ದಿಬ್ಬಗಳ ಮೇಲೆ ಜೇಡಿಮಣ್ಣು ಹೊದಿಸಿದ್ದರು. ಈಗ ಹಲವೆಡೆ ಅದು ಕಿತ್ತುಹೋಗಿ ಮರಳು ಎದ್ದಿದೆ. ಹಾಗಾಗಿ ಎರಡನ್ನೂ ಓಡಿಸಿ ನೋಡಿದವರಿಗೆ ರಿಗ್ ರೋಡ್ ಸಲೀಸು ಎಂಬ ಮಾತು ಅರ್ಧ ಮಾತ್ರ ನಿಜ ಅನಿಸುತ್ತದೆ.

ಫ್ರೆಂಚ್ ಲೈನಿನಲ್ಲಿ ಕಾಡುವುದು ದಿಬ್ಬದ ಎತ್ತರವಲ್ಲ, ಏರಿನ ಗುಂಡಿಗಳು. ಟೈರಿನ ಗಾಳಿ ಇಳಿಸದೆ ವೇಗದ ಮೇಲೆ ಹತ್ತುವವರ ಚಕ್ರ ಪುಟಿದು ಪುಟಿದು ಮರಳು ತೋಡುತ್ತದೆ. ಎಡಬಲದ ಗುಂಡಿಗಳು ಎದುರುಬದುರು ಬೀಳುವುದಿಲ್ಲ, ಹಾಗಾಗಿ ಗಾಡಿ ತೊಟ್ಟಿಲಂತೆ ತೂಗುತ್ತದೆ. ಶಾಕ್ ಅಬ್ಸಾರ್ಬರ್ ಕಾದು ಎಣ್ಣೆ ಸೋರುವುದು, ರೂಫ್ ರ‍್ಯಾಕಿನ ಬೋಲ್ಟ್ ಸಡಿಲವಾಗುವುದು ಇಲ್ಲೇ. ದಿನಕ್ಕೆರಡು ಸಲ ಬೋಲ್ಟ್ ಮುಟ್ಟಿ ನೋಡಿ. ಟೈರಿಗೆ 16–18 ಪಿಎಸ್‌ಐ ಗಾಳಿ, ಫೋರ್ ವೀಲ್ ಡ್ರೈವಿನ ಲೋ ರೇಂಜ್, ಎರಡನೇ ಅಥವಾ ಮೂರನೇ ಗೇರ್ ಸಾಕು. ಹತ್ತದಿದ್ದರೆ 14ಕ್ಕೆ ಇಳಿಸಿ. ಇನ್ನೂ ಕೆಳಗೆ ಹೋದಷ್ಟೂ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚುವ ಭಯ. ಅರ್ಧದಲ್ಲಿ ನಿಂತರೆ ಗಾಡಿ ತಿರುಗಿಸಲೇಬೇಡಿ, ಪಲ್ಟಿಯಾಗುತ್ತದೆ. ರಿವರ್ಸ್ ಗೇರಿನಲ್ಲಿ ಬಂದ ಜಾಡಿನಲ್ಲೇ ನೇರ ಹಿಂದಿಳಿಯಿರಿ.

ದಿಬ್ಬಗಳ ಪೂರ್ವದ ಮುಖ ಕಡಿದು, ಪಶ್ಚಿಮದ್ದು ಇಳಿಜಾರು. ಅದಕ್ಕೇ ಪಶ್ಚಿಮದ ಅಂಚಿನ ಮೌಂಟ್ ಡೇರ್‌ನಿಂದ ಪೂರ್ವದ ಅಂಚಿನ ಬರ್ಡ್ಸ್‌ವಿಲ್‌ಗೆ ಹೋಗುವುದು ಮೇಲು, ಎದುರು ದಿಕ್ಕಿಗೆ ಬೆವರಿಳಿಯುತ್ತದೆ.

ಮಳೆ ಬಿದ್ದರೆ ಲೆಕ್ಕ ತಿರುಗುಮುರುಗು. ಮರಳು ಗಟ್ಟಿಯಾಗಿ ಫ್ರೆಂಚ್ ಲೈನಿನ ದಿಬ್ಬ ಹಗುರಾಗುತ್ತದೆ, ರಿಗ್ ರೋಡಿನ ಜೇಡಿ ಸಾಬೂನಿನಂತೆ ಜಾರುತ್ತದೆ. ಆದರೆ ದಿಬ್ಬಗಳ ನಡುವಿನ ಉಪ್ಪಿನ ಕೆರೆಗಳು ಒದ್ದೆಯಾದರೆ ಎರಡು ದಾರಿಗೂ ಕಂಟಕ. ಮೇಲಿನ ಪದರ ಒಣಗಿದಂತೆ ಕಂಡರೂ ಅಡಿಯಲ್ಲಿ ಕೆಸರು.

ಡೀಸೆಲ್ ವಿಷಯಕ್ಕೆ ಬಂದರೆ ಫ್ರೆಂಚ್ ಲೈನಿನದೇ ಮೇಲುಗೈ. ಆ ದಾರಿಯಲ್ಲಿ ಮೌಂಟ್ ಡೇರ್ ಬಿಟ್ಟರೆ ಬರ್ಡ್ಸ್‌ವಿಲ್‌ವರೆಗೆ 500 ಕಿ.ಮೀ.ಗೂ ಹೆಚ್ಚು ದೂರ ಬಂಕ್ ಇಲ್ಲ. ಹೇರಿದ ಗಾಡಿ ನೂರು ಕಿ.ಮೀ.ಗೆ 22 ಲೀಟರ್ ಕುಡಿದರೆ ಸುಮಾರು 120 ಲೀಟರ್ ಆಯಿತು. ಕಾಲುಭಾಗ ಮೀಸಲು ಸೇರಿಸಿ 150 ಹಿಡಿಯಿರಿ. ರಿಗ್ ರೋಡಿಗೆ ನೂರಾರು ಕಿ.ಮೀ. ಹೆಚ್ಚಿಗೆ ಸೇರುತ್ತದೆ, ಅದರ ಡೀಸೆಲ್ ಭಾರವೂ ಗಾಡಿಯ ಮೇಲೇ. ಅಲ್ಲಿ ಸಂಚಾರವೂ ವಿರಳ, ಕೆಟ್ಟು ನಿಂತರೆ ಹಿಂದೆ ಗಾಡಿ ಬರುವುದೂ ತಡ. ಒಂಟಿ ಗಾಡಿಯಾದರೆ ಫ್ರೆಂಚ್ ಲೈನೇ ಸರಿ, ಬೆನ್ನು ನೊಂದರೂ ಚಿಂತೆಯಿಲ್ಲ.

ಎರಡರಲ್ಲೂ ಗಾಡಿಯ ಮುಂದೆ ನೆಲದಿಂದ 3.5 ಮೀಟರ್ ಎತ್ತರದ ಬಾವುಟ ಬೇಕು, ಗಾಡಿಯಿಂದ ಗಾಡಿಗೆ ಮಾತಾಡುವ ಯುಎಚ್‌ಎಫ್ ರೇಡಿಯೋ ಚಾನೆಲ್ 10ರಲ್ಲಿರಲಿ. ನೆತ್ತಿ ಏರುವವರೆಗೆ ಎದುರಿನ ಗಾಡಿ ಕಾಣುವುದೇ ಇಲ್ಲ. ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಬಿಸಿಲಿಗಾಗಿ ಮರುಭೂಮಿಯ ರಾಷ್ಟ್ರೀಯ ಉದ್ಯಾನ ಮುಚ್ಚಿರುತ್ತದೆ.