ಫೈರ್‌ಫಾಕ್ಸ್ ಇಎಸ್‌ಆರ್: ಪೆರ್ಲದ ಅಂಗಡಿಯಲ್ಲಿ ಮೂರು ವರ್ಷ

ನನ್ನದು ಕಾಸರಗೋಡಿನ ಪೆರ್ಲದಲ್ಲಿ ಒಂದು ಸಣ್ಣ ಅಂಗಡಿ. ಜೆರಾಕ್ಸ್, ಕರೆಂಟ್ ಬಿಲ್, ಆನ್‌ಲೈನ್ ಅರ್ಜಿ, ಬ್ರಹ್ಮಕಲಶದ ಆಮಂತ್ರಣ ಪತ್ರಿಕೆ, ಬಂದದ್ದೆಲ್ಲ ಮಾಡುತ್ತೇನೆ. ಮೂರು ಕಂಪ್ಯೂಟರ್ ಇವೆ. ಒಂದರಲ್ಲಿ ಈಗಲೂ ವಿಂಡೋಸ್ 7. ಹಳೆಯ ಸ್ಕ್ಯಾನರ್ ಅದರ ಮಾತು ಮಾತ್ರ ಕೇಳುತ್ತದೆ, ಏನು ಮಾಡುವುದು.

ಇಎಸ್‌ಆರ್‌ಗೆ, ಅಂದರೆ ಫೈರ್‌ಫಾಕ್ಸ್ ಬ್ರೌಸರಿನ ಹೆಚ್ಚು ಕಾಲ ಬದಲಾಗದೆ ಉಳಿಯುವ ಆವೃತ್ತಿಗೆ, ಬಂದದ್ದು 2022ರ ಮಳೆಗಾಲದಲ್ಲಿ. ಅದಕ್ಕೂ ಮೊದಲು ಬೇರೆ ಬ್ರೌಸರ್ ಇತ್ತು. ಹೆಸರು ಬೇಡ. ಪ್ಲಸ್ ವನ್ (ಹನ್ನೊಂದನೇ ತರಗತಿ) ಅರ್ಜಿಯ ಸಮಯ. ಹೊರಗೆ ಜಡಿಮಳೆ, ಒಳಗೆ ಹತ್ತು ಜನ. ಕರೆಂಟ್ ಒಮ್ಮೆ ಹೋಗಿ ಬಂತು. ಯುಪಿಎಸ್ ಬ್ಯಾಟರಿ ಸತ್ತು ತಿಂಗಳಾಗಿತ್ತು, ಅದು ನನ್ನದೇ ಉದಾಸೀನ. ಮತ್ತೆ ಆನ್ ಮಾಡಿ ಬ್ರೌಸರ್ ತೆರೆದರೆ ಪ್ರಿಂಟ್ ಕೊಡುವ ಕಿಟಕಿಯೇ ಬೇರೆ. ನನಗೆ ಗೊತ್ತಿಲ್ಲ, ನಾನು ಒಪ್ಪಿಲ್ಲ, ಹೊಸ ಆವೃತ್ತಿ ಬಂದು ಕೂತಿದೆ. ಎ4 ಇದ್ದ ಕಾಗದದ ಅಳತೆ, ಅದಕ್ಕಿಂತ ಗಿಡ್ಡದಾದ ಲೆಟರ್ ಆಗಿದೆ. ಗಡಿಬಿಡಿಯಲ್ಲಿ ನಾನು ನೋಡಲೂ ಇಲ್ಲ. ಅರ್ಜಿಯ ಕೊನೆಯ ಸಾಲು, ಅಂದರೆ ಸಹಿ ಹಾಕುವ ಜಾಗ, ಎರಡನೇ ಹಾಳೆಗೆ ಹೋಯಿತು. ಐದಾರು ಜನ ಹಣ ಕೊಟ್ಟು ಹೋಗಿಯೂ ಆಗಿತ್ತು. ಅದರಲ್ಲೊಬ್ಬರು ಮಾಷ್ಟ್ರು ನೆನೆದುಕೊಂಡೇ ವಾಪಸ್ ಬಂದು ಕೇಳಿದರು, "ನಿನ್ನೆ ಸರಿ ಇತ್ತಲ್ಲ ಮಾರಾಯಾ, ಇವತ್ತು ಎಂತ ಆಯ್ತು?"

ಎಂತ ಆಯ್ತು ಅಂತ ನನಗೂ ಆಮೇಲೆ ತಿಳಿದದ್ದು. ಅಪ್‌ಡೇಟ್ ಯಾವಾಗಲೋ ಸುಮ್ನೆ ಇಳಿದು, ಬ್ರೌಸರ್ ಮುಚ್ಚುವುದನ್ನೇ ಕಾಯುತ್ತಿತ್ತು. ನಾನು ದಿನಗಟ್ಟಲೆ ಮುಚ್ಚಿರಲಿಲ್ಲ. ಕರೆಂಟ್ ಮುಚ್ಚಿತು.

ಇದು ಯಾವುದೋ ಒಂದು ಬ್ರೌಸರಿನ ಗುಣ ಅಂತ ತಿಳಿಯಬೇಡಿ. ಕ್ರೋಮ್ 2008ರಲ್ಲಿ ಬಂದಾಗಲೇ ಕೇಳದೆ ಅಪ್‌ಡೇಟ್ ಆಗುವ ಪದ್ಧತಿಯನ್ನು ಜೊತೆಗೇ ತಂದಿತು. 2012ರಲ್ಲಿ ಫೈರ್‌ಫಾಕ್ಸ್ 12 ಅದೇ ದಾರಿ ಹಿಡಿಯಿತು. ವಿಂಡೋಸಿನಲ್ಲಿ ಪ್ರತಿ ಸಲ ಬರುತ್ತಿದ್ದ "ಅನುಮತಿ ಇದೆಯಾ" ಎಂಬ ಪ್ರಶ್ನೆ ತಪ್ಪಿಸಲು ಹಿಂದೆ ಓಡುವ ಒಂದು ಸೇವೆಯನ್ನೇ ಸೇರಿಸಿದರು. "ಅಪ್‌ಡೇಟ್ ಹುಡುಕಲೇ ಬೇಡ" ಎಂಬ ಆಯ್ಕೆ 2018ರ ಆವೃತ್ತಿ 63ರಲ್ಲಿ ಸೆಟ್ಟಿಂಗ್ಸಿನಿಂದ ಮಾಯವಾಯಿತು. 2021ರಿಂದ ವಿಂಡೋಸಿನಲ್ಲಿ ಫೈರ್‌ಫಾಕ್ಸ್ ತೆರೆಯದಿದ್ದರೂ ಅಪ್‌ಡೇಟ್ ಆಗಬಲ್ಲದು. ಎರಡೂ ಬ್ರೌಸರುಗಳಿಗೆ ಈಗ ಕೆಲವೇ ವಾರಕ್ಕೊಂದು ಹೊಸ ನಂಬರ್. ನಮ್ಮ ಕಡೆ ತೋಟಕ್ಕೆ ಮದ್ದು ಬಿಡುವುದಕ್ಕೂ ಇದಕ್ಕಿಂತ ಹೆಚ್ಚು ಬಿಡುವು ಕೊಡುತ್ತಾರೆ.

ಇಎಸ್‌ಆರ್ ಕೂಡ ಫೈರ್‌ಫಾಕ್ಸೇ. ಶಾಲೆ, ಆಫೀಸುಗಳಿಗಾಗಿ 2012ರಲ್ಲಿ ಶುರು ಮಾಡಿದ್ದು. ಇದರಲ್ಲಿ ದೊಡ್ಡ ಬದಲಾವಣೆ ವರ್ಷಕ್ಕೆ ಒಮ್ಮೆ. ನಡುವೆ ಬರುವುದು ಹೆಚ್ಚಾಗಿ ಭದ್ರತೆಯ ತೇಪೆ, ಅಂದರೆ ತೂತು ಮುಚ್ಚುವ ಸಣ್ಣ ಅಪ್‌ಡೇಟ್. ನಾನು ಆವೃತ್ತಿ 102ರಿಂದ ಶುರು ಮಾಡಿ 115, 128 ದಾಟಿ ಈಗ 140ರಲ್ಲಿದ್ದೇನೆ. ಜೂನ್, ಜುಲೈ ಹೊತ್ತಿಗೆ ಹೊಸತು ಬಂದರೂ ಹಳೆಯದಕ್ಕೆ ಸುಮಾರು ಮೂರು ತಿಂಗಳು ತೇಪೆ ಸಿಗುತ್ತಲೇ ಇರುತ್ತದೆ, ಹಾಗಾಗಿ ಹೊಸದಕ್ಕೆ ನೆಗೆತ ನಿಜವಾಗಿ ಬರುವುದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ. ಅಷ್ಟರಲ್ಲಿ ಪ್ಲಸ್ ವನ್ ಗಲಾಟೆ ಮುಗಿದಿರುತ್ತದೆ, ಮಳೆಯೂ ಇಳಿದಿರುತ್ತದೆ. ಕೇರಳದ ಶಾಲಾ ಕ್ಯಾಲೆಂಡರ್ ನೋಡಿ ಮಾಡಿದ್ದಲ್ಲ, ಆದರೂ ನನಗೆ ಒದಗಿ ಬಂತು.

ಒಂದು ವಿಷಯ ನೆನಪಿಡಿ. ಇಎಸ್‌ಆರ್ ಹಾಕಿದ ಕೂಡಲೇ ಅದು ಕೇಳಿ ಅಪ್‌ಡೇಟ್ ಆಗುವುದಿಲ್ಲ. ಅದು ಸಹ ಮೊದಲಿಗೆ ತಾನಾಗಿಯೇ ಆಗುತ್ತದೆ. ಸೆಟ್ಟಿಂಗ್ಸಿನ ಮೊದಲ ಪುಟದಲ್ಲಿ ಕೆಳಗೆ ಹೋದರೆ ಎರಡು ಆಯ್ಕೆ ಇದೆ: ತಾನಾಗಿ ಹಾಕು, ಅಥವಾ ಬಂದಿದೆ ಅಂತ ತಿಳಿಸು, ಹಾಕುವುದು ನಾನು ನೋಡಿಕೊಳ್ಳುತ್ತೇನೆ. ಎರಡನೆಯದನ್ನು ಒತ್ತಿ. ಇದು ಸಾಮಾನ್ಯ ಫೈರ್‌ಫಾಕ್ಸಿನಲ್ಲೂ ಇದೆ. ಕ್ರೋಮಿನ ಸೆಟ್ಟಿಂಗ್ಸಿನಲ್ಲಿ ಇಂಥ ಗುಂಡಿ ಇಲ್ಲ. ದೊಡ್ಡ ಕಂಪನಿಗಳು ಪಾಲಿಸಿ, ಅಂದರೆ ಬ್ರೌಸರ್ ಪಾಲಿಸಬೇಕಾದ ನಿಯಮ, ಬರೆದು ತಡೆಯಬಹುದು, ಪೆರ್ಲದ ಅಂಗಡಿಯವನು ಎಲ್ಲಿಗೆ ಹೋಗಬೇಕು?

ಗಾಳಿ ಮಳೆಗೆ ಅಡಿಕೆ ಮರ ಬಿದ್ದು ಕೇಬಲ್ ತುಂಡಾದ ದಿನಗಳಲ್ಲಿ ಈ ಆಯ್ಕೆಯ ಬೆಲೆ ಗೊತ್ತಾಗುತ್ತದೆ. ಆಗ ನನ್ನ ಫೋನಿನ ಹಾಟ್‌ಸ್ಪಾಟೇ ಗತಿ, ದಿನಕ್ಕೆ ಒಂದೂವರೆ ಜಿಬಿ. ಮೂರು ಕಂಪ್ಯೂಟರೂ ಒಟ್ಟಿಗೆ ಅಪ್‌ಡೇಟ್ ಎಳೆಯಲು ಕೂತರೆ ಗಿರಾಕಿಗೆ ಏನು ಉಳಿಯುತ್ತದೆ?

ಈಗ ನನ್ನ ದಡ್ಡತನದ ಕತೆ. 2023ರ ಬೇಸಿಗೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಬ್ರೌಸರ್ ಇರುವ ಫೋಲ್ಡರಿನಲ್ಲಿ ಪಾಲಿಸಿಯ ಒಂದು ಸಣ್ಣ ಫೈಲ್ ಇಟ್ಟರೆ ಅಪ್‌ಡೇಟ್ ಪೂರ್ತಿ ನಿಲ್ಲುತ್ತದೆ ಅಂತ ಓದಿದ್ದೆ. ಮುಂದಿನ ಟೇಬಲಿನ ಕಂಪ್ಯೂಟರಿಗೆ ಹಾಗೆ ಮಾಡಿದೆ. ಹಾಯಾಗಿತ್ತು. ಮರೆತೂ ಹೋಯಿತು. ಸೆಪ್ಟೆಂಬರಿನಲ್ಲಿ ವೆಬ್‌ಪಿ ಎಂಬ ಚಿತ್ರದ ಫೈಲುಗಳನ್ನು ತೆರೆಯುವ ಕೋಡಿನಲ್ಲಿ ದೊಡ್ಡ ತೂತು ಸಿಕ್ಕಿತು ಅಂತ ಸುದ್ದಿ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಅದೇ ಕೋಡ್. ಬೇಕೆಂದೇ ಕೆಡಿಸಿದ ಒಂದು ಚಿತ್ರ ತೆರೆದರೆ ಸಾಕು, ಕಳ್ಳನಿಗೆ ಬಾಗಿಲು. ಆಗಲೇ ಅದನ್ನು ಬಳಸುತ್ತಿರುವವರೂ ಇದ್ದರು. ಇಬ್ಬರೂ ಕೆಲವೇ ದಿನದಲ್ಲಿ ತೇಪೆ ಹಾಕಿದರು, ಹಳೆಯ ಇಎಸ್‌ಆರ್ 102ಕ್ಕೂ ಕೊಟ್ಟರು.

ನನ್ನ ಮುಂದಿನ ಟೇಬಲಿಗೆ ಮಾತ್ರ ಅದು ಬಂದಿರಲಿಲ್ಲ. ಆ ಟೇಬಲಿನಲ್ಲೇ ದಿನವಿಡೀ ವಾಟ್ಸಾಪ್ ತೆರೆದಿರುತ್ತದೆ. ಊರಿನವರೆಲ್ಲ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಫೋಟೋ ಕಳಿಸುವುದು ಅಲ್ಲಿಗೇ. ಅದೃಷ್ಟಕ್ಕೆ ಏನೂ ಆಗಲಿಲ್ಲ. ಆದರೂ ಆ ಫೈಲ್ ಅಳಿಸುವಾಗ ಕೈ ಸ್ವಲ್ಪ ನಡುಗಿದ್ದು ನಿಜ. ಕೇಳದೆ ಹಾಕುವವರ ವಾದ ಏನು ಅಂತ ಅವತ್ತು ಅರ್ಥವಾಯಿತು. ನನ್ನಂಥವರನ್ನು ಕೇಳುತ್ತಾ ಕೂತರೆ ನಾವು "ನಾಳೆ" ಅನ್ನುತ್ತಲೇ ಇರುತ್ತೇವೆ. ನನ್ನ ತಕರಾರು ಹೊತ್ತಿನ ಬಗ್ಗೆ ಮಾತ್ರ ಉಳಿದಿದೆ. ಭದ್ರತೆಯ ತೇಪೆ ಬೇಗ ಕೊಡಿ. ಪ್ರಿಂಟ್ ಗುಂಡಿಯ ಜಾಗ ಬದಲಿಸುವುದನ್ನು ಅದರ ಬೆನ್ನಿಗೆ ಕಟ್ಟಿ ಕಳಿಸಬೇಡಿ. ಇಎಸ್‌ಆರ್ ಇವೆರಡನ್ನೂ ಬೇರೆ ಮಾಡುತ್ತದೆ, ಅದಕ್ಕೇ ಉಳಿಸಿಕೊಂಡಿದ್ದೇನೆ.

ವಿಂಡೋಸ್ 7 ಇರುವ ಕಂಪ್ಯೂಟರಿನಲ್ಲಿ 115ರ ಇಎಸ್‌ಆರ್ ಇದೆ. ಕ್ರೋಮ್ 2023ರ ಜನವರಿಯ 109ಕ್ಕೇ ಆ ವಿಂಡೋಸಿನ ಕೈ ಬಿಟ್ಟಿತು. ಫೈರ್‌ಫಾಕ್ಸಿನವರು 115ಕ್ಕೆ ತೇಪೆ ಕೊಡುವ ಗಡುವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದರು. ಹಾಗಂತ ಅದರಲ್ಲಿ ಬ್ಯಾಂಕ್ ಕೆಲಸ ಮಾಡುವುದಿಲ್ಲ. ವಿಂಡೋಸೇ ಹಳತು, ಬ್ರೌಸರ್ ಒಂದೇ ಎಷ್ಟು ಕಾಯುತ್ತದೆ?

ಕೊರತೆ ಇಲ್ಲವೇ ಅಂದರೆ ಇದೆ. ಹೊಸ ಸೌಲಭ್ಯಗಳು ಬೇರೆಯವರ ಕೈಗೆ ಬಂದು ತಿಂಗಳುಗಳಾದ ಮೇಲೆ ಇಲ್ಲಿಗೆ. ನನಗೆ ಅದರಿಂದ ನಷ್ಟವಿಲ್ಲ, ಕಾಲೇಜು ಹುಡುಗರಿಗೆ ಬೇಜಾರಾಗಬಹುದು. ಮನೆಯಲ್ಲಿ ಒಂದೇ ಲ್ಯಾಪ್‌ಟಾಪ್ ಇರುವವರಿಗೆ ತಾನಾಗಿ ಅಪ್‌ಡೇಟ್ ಆಗುವುದೇ ಒಳ್ಳೆಯದು, ನನ್ನ ಅಕ್ಕನಿಗೆ ಹಾಗೇ ಬಿಟ್ಟಿದ್ದೇನೆ. ಮೆನು ಕನ್ನಡದಲ್ಲಿ ಸಿಗುತ್ತದೆ, ಅದು ಖುಷಿ. ಮಲಯಾಳಂ ಅರ್ಜಿ ತುಂಬಲು ಬಂದವರು ಮೇಲಿನ ಪಟ್ಟಿ ಕನ್ನಡದಲ್ಲಿರುವುದು ನೋಡಿ ಒಮ್ಮೆ ತಿರುಗಿ ನೋಡುತ್ತಾರೆ.

ಐದರಲ್ಲಿ ನಾಲ್ಕು ಕೊಡುತ್ತೇನೆ. ಮೊನ್ನೆ ಗುರುವಾರ ಒಬ್ಬರ ಅರ್ಜಿ ಅರ್ಧ ಆಗಿದ್ದಾಗ ಅಪ್‌ಡೇಟ್ ಬಂದಿದೆ ಅಂತ ಮೂಲೆಯಲ್ಲಿ ಸೂಚನೆ ಬಂತು. ಬದಿಗೆ ಸರಿಸಿದೆ. ಸುಮ್ಮನಾಯಿತು. ಶನಿವಾರ ಸಂಜೆ ಶಟರ್ ಅರ್ಧ ಎಳೆದು, ಮೂರರಲ್ಲೂ ಒಂದೊಂದಾಗಿ ಒತ್ತಿ, ಪ್ರತಿಯೊಂದರಿಂದಲೂ ಒಂದು ಹಾಳೆ ಪ್ರಿಂಟ್ ತೆಗೆದು ನೋಡಿದೆ. ಎ4ರಲ್ಲೇ ಬಂತು.