ಹಳೇ ಫೈಬರ್ ಬೋಟ್‌ಗೆ ಯಾವ ರೆಸಿನ್, ಯಾವ ಹಲಗೆ, ಯಾವ ಬಣ್ಣ: ಎಲ್ಲಾ ಬಳಸಿ ನೋಡಿದ್ಮೇಲೆ ನನ್ನ ಹೋಲಿಕೆ

ಹಳೇ ಫೈಬರ್ ಮೀನುಗಾರಿಕೆ ಬೋಟ್ ತಗೊಂಡೋರೆಲ್ಲಾ ಮೊದಲು ಕೇಳೋದು ಪಾಲಿಯೆಸ್ಟರ್ ಒಳ್ಳೇದಾ ಎಪಾಕ್ಸಿ ಒಳ್ಳೇದಾ ಅಂತ. ಎರಡೂ ರೆಸಿನ್, ಅಂದ್ರೆ ಫೈಬರ್ ನಾರಿನ ಜೊತೆ ಸೇರಿ ಗಟ್ಟಿಯಾಗೋ ದ್ರವ. ಅದಕ್ಕೆ ಬರೋಣ, ಅದಕ್ಕಿಂತ ಮುಂಚೆ ಅದು ಯಾವ ಬೋಟು, ಯಾವ ಕಾಲದ್ದು ಅಂತ ತಿಳ್ಕೊಳ್ಳೋದಕ್ಕೇ ಎರಡು ದಾರಿ ಇದೆ, ಎರಡೂ ಬೇರೆ ಬೇರೆ ವಿಷಯ ಹೇಳತ್ವೆ.

ಒಂದು ನಂಬರ್ ದಾರಿ. ಅಮೆರಿಕದಲ್ಲಿ 1972ರ ನವೆಂಬರ್‌ನಿಂದ ಪ್ರತಿ ಬೋಟ್‌ಗೂ 12 ಅಕ್ಷರದ ಹಲ್ ನಂಬರ್ ಕಡ್ಡಾಯ (ಹಲ್ ಅಂದ್ರೆ ಬೋಟ್‌ನ ಮೈ). ಎಂಜಿನ್ ಕೂರೋ ಹಿಂದಿನ ಗೋಡೆ ಇದ್ಯಲ್ಲಾ, ಟ್ರಾನ್ಸಮ್, ಅದರ ಹೊರಮೈಯಲ್ಲಿ ಬಲಗಡೆ ಮೇಲೆ ಇರತ್ತೆ. ಎಷ್ಟೋ ಸಲ ಬಣ್ಣದ ಕೆಳಗೆ ಮುಚ್ಚಿಹೋಗಿರತ್ತೆ, ಕತ್ತಲಲ್ಲಿ ಟಾರ್ಚ್ ಓರೆಯಾಗಿ ಹಿಡಿದ್ರೆ ಗೆರೆ ಕಾಣತ್ತೆ, ಸ್ಯಾಂಡಿಂಗ್ ಶುರು ಮಾಡೋಕೆ ಮುಂಚೆ ಇದನ್ನ ನೋಡ್ಕೊಳ್ಳಿ. ಮೊದಲ ಮೂರಕ್ಷರ ತಯಾರಕರ ಕೋಡ್, ಆಮೇಲೆ ಐದು ಸೀರಿಯಲ್ ನಂಬರ್, ಕೊನೇ ನಾಲ್ಕು ತಾರೀಖು. ಈ ಕೊನೇ ನಾಲ್ಕರಲ್ಲೇ ಜನ ಎಡವೋದು. 1984ರ ಮಧ್ಯದವರೆಗೂ ಎರಡು ರೀತಿ ನಡೀತಿತ್ತು, ಒಂದರಲ್ಲಿ ನೇರವಾಗಿ ತಿಂಗಳು-ವರ್ಷ, ಇನ್ನೊಂದರಲ್ಲಿ ಒಂಬತ್ತನೇ ಜಾಗದಲ್ಲಿ ‘ಎಂ’ ಅಕ್ಷರ, ಆಮೇಲೆ ಮಾಡೆಲ್ ವರ್ಷ, ಕೊನೇಲಿ ತಿಂಗಳ ಅಕ್ಷರ. ಆ ರೀತಿಯಲ್ಲಿ ‘ಎ’ ಅಂದ್ರೆ ಜನವರಿ ಅಲ್ಲ, ಆಗಸ್ಟ್! ಅಂದ್ರೆ ‘ಎಂ79ಎ’ ಅಂತಿದ್ರೆ ಅದು 1978ರ ಆಗಸ್ಟ್‌ನಲ್ಲಿ ಮಾಡಿದ್ದು. ಈಗಿನ ರೀತಿಯಲ್ಲಿ ‘ಎ’ ಜನವರಿನೇ. ಇನ್ನೊಂದು, ಕಂಪನಿ ಮುಚ್ಚಿಹೋದ್ಮೇಲೆ ಅದೇ ಮೂರಕ್ಷರ ಬೇರೆಯೋರಿಗೆ ಕೊಟ್ಟಿರೋದೂ ಇದೆ, ಹಾಗಾಗಿ ವರ್ಷ ತಾಳೆ ನೋಡದೆ ಹೆಸರು ನಂಬ್ಬೇಡಿ. ಎಂಜಿನ್ ಮೇಲಿನ ನಂಬರ್ ಅಂತೂ ಬೋಟ್ ಬಗ್ಗೆ ಏನೂ ಹೇಳಲ್ಲ, ಎಂಜಿನ್ ಎಷ್ಟು ಸಲ ಬದಲಾಗಿದ್ಯೋ ಯಾರಿಗೆ ಗೊತ್ತು.

ಇನ್ನೊಂದು ಮೈ ನೋಡಿ ಓದೋದು. 1972ಕ್ಕಿಂತ ಹಳೇದಾದ್ರೆ ಬಹುತೇಕ ಇದೊಂದೇ ದಾರಿ. ಬಣ್ಣ ಹಚ್ಚದ ಒಳಗಿನ ಮೂಲೆ ಹುಡುಕಿ, ಚಾಪೆ ಹೆಣೆದಂಗೆ ದಪ್ಪ ನೇಯ್ಗೆ ಕಂಡ್ರೆ ರೋವಿಂಗ್ ಬಟ್ಟೆ ಹಾಸಿ ಕೈಯಲ್ಲಿ ಮಾಡಿದ್ದು, ತುಂಡು ತುಂಡು ನಾರು ಅಡ್ಡಾದಿಡ್ಡಿ ಇದ್ರೆ ಮ್ಯಾಟ್ ಅಥವಾ ಗನ್‌ನಲ್ಲಿ ಸ್ಪ್ರೇ ಮಾಡಿದ್ದು. ಪ್ಲಾಸ್ಟಿಕ್ ಸುತ್ತಿಗೆ ತಗೊಂಡು ಮೈಯೆಲ್ಲಾ ತಟ್ಟುತ್ತಾ ಹೋಗಿ, ಟಣ್ ಅಂದ್ರೆ ಗಟ್ಟಿ, ದಬ್ ಅಂದ್ರೆ ಒಳಗೆ ಪದರ ಬಿಟ್ಟಿದೆ ಅಥವಾ ಮರ ಕೊಳೆತಿದೆ.

ರಿಪೇರಿಗೆ ಮೈ ಓದೋದೇ ಜಾಸ್ತಿ ಉಪಯೋಗ ಅಂತ ನನ್ನ ಅಭಿಪ್ರಾಯ, ಆದ್ರೆ ಒಂದು ವಿಷಯದಲ್ಲಿ ನಂಬರ್ ಗೆಲ್ಲತ್ತೆ. ಮಾಡೆಲ್ ಗೊತ್ತಾದ್ರೆ ಹಳೇ ಬ್ರೋಷರ್‌ನಲ್ಲಿ ಖಾಲಿ ಬೋಟ್‌ನ ತೂಕ ಸಿಗತ್ತೆ. ಎಂಜಿನ್ ಇಳಿಸಿ ಈಗಿನ ತೂಕ ಹಾಕಿ ನೋಡಿ, ಜಾಸ್ತಿ ಬಂದಿರೋದ್ರಲ್ಲಿ ಹೆಚ್ಚಿನ ಪಾಲು ನೀರು. ನೆಲದ ಕೆಳಗಿನ ಫೋಮ್ ವರ್ಷಾನುಗಟ್ಟಲೆ ಒದ್ದೆಯಲ್ಲೇ ಕೂತು ನೀರು ಹೀರಿರತ್ತೆ, ಒಂದು ಲೀಟರ್‌ಗೆ ಒಂದು ಕಿಲೋ ಲೆಕ್ಕ. ಆ ಫೋಮು ಬಿಸಿಲಿಗೆ ಇಟ್ರೆ ಒಣಗಲ್ಲ, ಕಿತ್ತು ಬಿಸಾಕ್ಬೇಕು.

ಈಗ ರೆಸಿನ್. ನಾನು ಮಾಡಿದ ಪರೀಕ್ಷೆ ಇಷ್ಟೇ: ಒಂದೇ ಹಳೇ ಬೋಟ್‌ನ ಟ್ರಾನ್ಸಮ್‌ನಿಂದ ಕತ್ತರಿಸಿದ ಫೈಬರ್ ತುಂಡುಗಳನ್ನ ಒಂದೇ ಥರ 40 ಗ್ರಿಟ್ ಉಜ್ಜುಕಾಗದದಲ್ಲಿ ಉಜ್ಜಿ, ಪಾಲಿಯೆಸ್ಟರ್, ವಿನೈಲ್ ಎಸ್ಟರ್, ಎಪಾಕ್ಸಿ ಮೂರೂ ರೆಸಿನ್‌ನಲ್ಲಿ ಒಂದೇ ಅಳತೆಯ ಪ್ಯಾಚ್ ಹಾಕಿ, ಚೆನ್ನಾಗಿ ಗಟ್ಟಿಯಾಗೋಕೆ ಬಿಟ್ಟು, ಆಮೇಲೆ ಉಳಿ ಸುತ್ತಿಗೆ ತಗೊಂಡು ಎಬ್ಬಿಸಿದೆ. ಪಾಲಿಯೆಸ್ಟರ್ ಪ್ಯಾಚ್ ಕೆಲವು ಕಡೆ ಹಳೇ ಮೈ ಬಿಟ್ಟು ಹಪ್ಪಳದಂಗೆ ಎದ್ದು ಬಂತು. ಎಪಾಕ್ಸಿದು ಸುಲಭಕ್ಕೆ ಬರ್ಲಿಲ್ಲ, ಬಂದಾಗ ಹಳೇ ಬೋಟ್‌ನ ನಾರನ್ನೂ ಹರ್ಕೊಂಡೇ ಬಂತು. ವಿನೈಲ್ ಎಸ್ಟರ್ ಮಧ್ಯದಲ್ಲಿ, ಆದ್ರೆ ಎಪಾಕ್ಸಿಗೇ ಹತ್ರ.

ಕಾರಣ ಸರಳ. ಹೊಸ ಬೋಟ್ ಮಾಡುವಾಗ ಒಂದು ಪದರ ಹಸಿ ಇರುವಾಗ್ಲೇ ಮುಂದಿನದು ಬೀಳತ್ತೆ, ಎರಡೂ ರಾಸಾಯನಿಕವಾಗಿ ಕೂಡ್ಕೊಳ್ಳತ್ವೆ. ಹತ್ತಾರು ವರ್ಷ ಹಳೇ ಮೈಯಲ್ಲಿ ಹಾಗೆ ಕೂಡೋಕೆ ಏನೂ ಉಳಿದಿರಲ್ಲ, ಉಜ್ಜಿದ ಗೀರುಗಳಲ್ಲಿ ಹಿಡ್ಕೊಂಡು ನಿಲ್ಬೇಕು ಅಷ್ಟೇ. ಪಾಲಿಯೆಸ್ಟರ್ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇಕಡ 5ರಿಂದ 8ರಷ್ಟು ಕುಗ್ಗತ್ತೆ, ಕುಗ್ಗುವಾಗ ಆ ಹಿಡಿತವನ್ನೇ ಎಳೆಯತ್ತೆ. ಎಪಾಕ್ಸಿ ಕುಗ್ಗೋದು ಕಮ್ಮಿ, ಅದು ಮೂಲತಃ ಅಂಟೇ.

ಹಾಗಂತ ಪಾಲಿಯೆಸ್ಟರ್ ಬೇಡ್ವೇ ಬೇಡ ಅನ್ನೋರ ಮಾತು ನಾನು ಒಪ್ಪಲ್ಲ. ಬೋಟ್ ಕಟ್ಟಿದ್ದೇ ಅದ್ರಲ್ಲಿ. ತೂತಿನ ಸುತ್ತ ದಪ್ಪದ 12 ಪಟ್ಟು ಅಗಲ ಇಳಿಜಾರು ಉಜ್ಜಿದ್ರೆ, ಅಂದ್ರೆ 6 ಮಿಲಿಮೀಟರ್ ದಪ್ಪಕ್ಕೆ 72 ಮಿಲಿಮೀಟರ್, ಪಾಲಿಯೆಸ್ಟರ್ರೂ ಚೆನ್ನಾಗೇ ನಿಲ್ಲತ್ತೆ. ಬೆಲೆಯೂ ಮೂರರಲ್ಲಿ ಅದರದ್ದೇ ಕಮ್ಮಿ. ಕೆಲಸದ ವೇಗ ನಮ್ಮ ಕೈಯಲ್ಲಿರತ್ತೆ, ರೆಸಿನ್ ಗಟ್ಟಿಯಾಗೋಕೆ ಹಾಕೋ ಹಾರ್ಡನರ್, ಎಂಇಕೆಪಿ, ಶೇಕಡ 1ರಿಂದ 2ರ ಒಳಗೆ ಸೆಖೆ ಇದ್ರೆ ಕಮ್ಮಿ, ಚಳಿ ಇದ್ರೆ ಜಾಸ್ತಿ ಹಾಕ್ಬೋದು. ಎಪಾಕ್ಸಿಯಲ್ಲಿ ಈ ಆಟ ನಡೆಯಲ್ಲ, 5 ಪಾಲು ರೆಸಿನ್‌ಗೆ 1 ಪಾಲು ಹಾರ್ಡನರ್ ಅಂದ್ರೆ 5ಕ್ಕೆ 1, 2ಕ್ಕೆ 1 ಅಂದ್ರೆ ಅಷ್ಟೇ, ಬೇಗ ಆಗ್ಲಿ ಅಂತ ಹಾರ್ಡನರ್ ಜಾಸ್ತಿ ಸುರಿದ್ರೆ ಬೇಗ ಆಗಲ್ಲ, ರಬ್ಬರ್‌ನಂಗೆ ಮೆತ್ತಗೆ ಉಳಿಯತ್ತೆ. ಬೇಗ ಬೇಕಾದ್ರೆ ಫಾಸ್ಟ್ ಹಾರ್ಡನರ್ರೇ ಬೇರೆ ತಗೋಬೇಕು. ಯಾವುದೇ ಆದ್ರೂ ಕಲಸಿದ್ದನ್ನ ಮಗ್ಗಲ್ಲಿ ಬಿಡದೆ ಅಗಲ ತಟ್ಟೆಗೆ ಸುರ್ಕೊಳ್ಳಿ, ಮಗ್ಗಲ್ಲಿ ಬಿಸಿ ಹೊರಗೆ ಹೋಗಲ್ಲ, ಹೊಗೆ ಬರೋಕೆ ಶುರುವಾಗತ್ತೆ.

ಮ್ಯಾಟ್ ವಿಷಯದಲ್ಲೂ ವ್ಯತ್ಯಾಸ ಇದೆ, ಅಂಗಡಿಯಲ್ಲಿ ಇದನ್ನ ಯಾರೂ ಹೇಳಲ್ಲ. ಸಾಮಾನ್ಯ ಚಾಪ್ಡ್ ಮ್ಯಾಟ್‌ನಲ್ಲಿ ನಾರುಗಳನ್ನ ಹಿಡಿದಿಡೋ ಅಂಟು ಪಾಲಿಯೆಸ್ಟರ್‌ನಲ್ಲಿರೋ ಸ್ಟೈರೀನ್ ಅನ್ನೋ ದ್ರವದಲ್ಲಿ ಕರಗೋ ಥರದ್ದು, ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಮ್ಯಾಟ್ ಬಿಗಿಯಾಗೇ ಉಳ್ಕೊಂಡು ಮೂಲೆಗಳಲ್ಲಿ ಕೂರಲ್ಲ. ಎಪಾಕ್ಸಿಗೆ ಬಯಾಕ್ಸಿಯಲ್, ಅಂದ್ರೆ ಎರಡು ದಿಕ್ಕಿಗೆ ನಾರಿಟ್ಟು ಹೊಲಿದ ಬಟ್ಟೆನೇ ತಗೊಳ್ಳಿ. ಮತ್ತೆ ಎಪಾಕ್ಸಿ ಒಣಗಿದ್ಮೇಲೆ ಮೇಲೆ ಜಿಡ್ಡಿನಂಥ ಪದರ ಬರ್ಬೋದು, ಅದನ್ನ ನೀರಲ್ಲಿ ಸ್ಕ್ರಬ್ ಹಾಕಿ ತೊಳೀಬೇಕು, ತೊಳೀದೆ ಉಜ್ಜಿದ್ರೆ ಜಿಡ್ಡನ್ನ ಗೀರಿನೊಳಗೆ ತುಂಬಿದ ಹಾಗೆ.

ವಿನೈಲ್ ಎಸ್ಟರ್ ಗುಣದಲ್ಲಿ ಒಳ್ಳೇದು, ನೀರು ತಡೆಯೋದ್ರಲ್ಲಿ ಪಾಲಿಯೆಸ್ಟರ್‌ಗಿಂತ ಮೇಲು, ಜೆಲ್‌ಕೋಟೂ (ಫೈಬರ್ ಬೋಟ್‌ನ ಹೊಳೆಯೋ ಹೊರಪದರ) ಅದರ ಮೇಲೆ ಹಿಡಿಯತ್ತೆ. ಆದ್ರೆ ಡಬ್ಬಿಯಲ್ಲಿ ಅದರ ಆಯಸ್ಸು ಕೆಲವೇ ತಿಂಗಳು. ರಜೆ ಸಿಕ್ಕಾಗ ಮಾತ್ರ ಕೆಲಸ ಮಾಡೋ ನನ್ನಂಥೋರಿಗೆ ಅದು ಹೊಂದಲ್ಲ.

ಜೀವದ ವಿಷಯ ಒಂದು. ಎಂಇಕೆಪಿ ಕಣ್ಣಿಗೆ ಹಾರಿದ್ರೆ ದೃಷ್ಟಿನೇ ಹೋಗ್ಬೋದು, ಕನ್ನಡಕ ಬೇಕೇ ಬೇಕು. ರೆಸಿನ್‌ಗೆ ಕೋಬಾಲ್ಟ್ (ಗಟ್ಟಿಯಾಗೋದನ್ನ ಚುರುಕು ಮಾಡೋ ದ್ರಾವಣ) ಬೇರೆಯಾಗಿ ಹಾಕೋ ಥರ ಇದ್ರೆ ಅದನ್ನ ಮೊದಲು ರೆಸಿನ್‌ನಲ್ಲಿ ಪೂರ್ತಿ ಕಲಸಿ ಆಮೇಲೆ ಎಂಇಕೆಪಿ, ಎರಡನ್ನೂ ನೇರ ಸೇರಿಸಿದ್ರೆ ಸ್ಫೋಟ ಆಗತ್ತೆ. ಎಪಾಕ್ಸಿ ವಾಸನೆ ಇಲ್ಲ ಅಂತ ಬರಿಗೈಯಲ್ಲಿ ಮುಟ್ಟೋರಿದಾರೆ, ಒಂದ್ಸಲ ಅಲರ್ಜಿ ಹತ್ಕೊಂಡ್ರೆ ಜನ್ಮಕ್ಕೆ ಬಿಡಲ್ಲ.

ನನ್ನ ಹಂಚಿಕೆ: ನೀರಿನ ಮಟ್ಟದ ಕೆಳಗಿನ ತೂತು, ಟ್ರಾನ್ಸಮ್, ಮರ ಅಂಟಿಸೋದು ಇವೆಲ್ಲಾ ಎಪಾಕ್ಸಿ. ಪೂರ್ತಿ ನೆಲ ಹೊಸದಾಗಿ ಹಾಸೋದು, ಒಳಗಿನ ಪೆಟ್ಟಿಗೆಗಳು, ಇಲ್ಲಿ ದುಡ್ಡು ಉಳಿಸೋಕೆ ಪಾಲಿಯೆಸ್ಟರ್ ಸಾಕು. ಎಪಾಕ್ಸಿ ಒಣಗಿದ ಜಾಗದ ಮೇಲೆ ಮತ್ತೆ ಪಾಲಿಯೆಸ್ಟರ್ ಹಾಕೋಕೆ ಹೋಗ್ಬೇಡಿ, ಉಲ್ಟಾ, ಅಂದ್ರೆ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ, ನಡೆಯತ್ತೆ, ಇದು ನಡೆಯಲ್ಲ ಅಂತ್ಲೇ ಇಟ್ಕೊಳ್ಳಿ.

ಟ್ರಾನ್ಸಮ್ ಒಳಗಿನ ಹಲಗೆಗೆ ಮರೈನ್ ಪ್ಲೈನಾ, ‘ಕೂಸಾ’ ಬ್ರ್ಯಾಂಡ್‌ನಂಥ ಫೋಮ್ ಬೋರ್ಡಾ? ಫೋಮ್ ಬೋರ್ಡ್ ಹಗುರ, ಕೊಳೆಯಲ್ಲ, ಕತ್ತರಿಸೋದು ಸುಲಭ, ಆದ್ರೆ ಧೂಳು ಮೈಯೆಲ್ಲಾ ಕೆರೆಯತ್ತೆ. ಸ್ಕ್ರೂ ಅದ್ರಲ್ಲಿ ಪ್ಲೈನಷ್ಟು ಹಿಡಿಯಲ್ಲ, ಆರುಪಾರು ಬೋಲ್ಟು, ಹಿಂದೆ ದೊಡ್ಡ ಪ್ಲೇಟು ಬೇಕು. ಬೆಲೆ ಕೇಳಿದ್ರೆ ಸುಮ್ನೆ ವಾಪಸ್ ಬರ್ತೀರಾ. ನನ್ನ ಓಟು ಪ್ಲೈಗೆ, ಯಾಕಂದ್ರೆ ಹಳೇ ಪ್ಲೈ ಕೊಳೆಯೋದು ಬಹುಪಾಲು ಸೀಲ್ ಮಾಡದ ತೂತುಗಳಿಂದ. ಪ್ರತಿ ಬೋಲ್ಟ್‌ಗೂ ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಪುಡಿ ಬೆರೆಸಿ ಮಂದ ಮಾಡಿದ ಎಪಾಕ್ಸಿ ತುಂಬಿ, ಒಣಗಿದ್ಮೇಲೆ ಅದರ ಮಧ್ಯೆ ಸರಿಯಾದ ತೂತು ಕೊರೆಯಿರಿ, ಆಗ ನೀರಿಗೆ ಮರ ಸಿಗೋದೇ ಇಲ್ಲ. ಹಲಗೆ ಬದಲಾಯಿಸೋವಾಗ ಒಳಗಿನಿಂದ ಕಿತ್ತು ಹೊರ ಚರ್ಮ ಉಳಿಸ್ಕೊಂಡ್ರೆ ಆ ಹಲ್ ನಂಬರ್ರೂ ಉಳಿಯತ್ತೆ, ಆದ್ರೆ ಕೆಳಗೆ ಒಳ್ಳೇ ಆಸರೆ ಕೊಡಿ, ಇಲ್ದಿದ್ರೆ ಹಲ್ ಆಕಾರ ಬಿಡತ್ತೆ.

ಕೊನೆಗೆ ಮೇಲಿನ ಬಣ್ಣ. ಜೆಲ್‌ಕೋಟ್ ದಪ್ಪ, ಸಣ್ಣಪುಟ್ಟ ಗೀರು ಪಾಲಿಶ್‌ನಲ್ಲೇ ಹೋಗತ್ತೆ, ಆದ್ರೆ ಬ್ರಷ್‌ನಲ್ಲಿ ಹಚ್ಚಿದ್ರೆ ಉಜ್ಜಿ ಉಜ್ಜಿ ಕೈ ಬಿದ್ದುಹೋಗತ್ತೆ, ಎಪಾಕ್ಸಿ ಮೇಲೆ ನಂಬೋ ಹಾಗೂ ಇಲ್ಲ. ಎಪಾಕ್ಸಿಯನ್ನ ಬಿಸಿಲಿಗೆ ಹಾಗೇ ಬಿಡೋ ಹಾಗೂ ಇಲ್ಲ, ಅದಕ್ಕೆ ಪೇಂಟ್ ಬೇಕೇ ಬೇಕು. ಎರಡು ಡಬ್ಬಿಯ ಪಾಲಿಯುರೆಥೇನ್ ಹೊಳಪು, ಬಾಳಿಕೆ ಎರಡರಲ್ಲೂ ಮುಂದೆ, ಆದ್ರೆ ಪದರ ತೆಳು, ಕೆಳಗಿನ ಒಂದೊಂದು ತಗ್ಗೂ ಎದ್ದು ಕಾಣತ್ತೆ. ಅದರಲ್ಲಿ ಉಸಿರಿಗೆ ಅಪಾಯವಾದ ಐಸೊಸಯನೇಟ್ ಇರತ್ತೆ, ಸ್ಪ್ರೇ ಮಾಡೋದಾದ್ರೆ ಹೊರಗಿಂದ ಗಾಳಿ ಕೊಡೋ ಮಾಸ್ಕ್ ಇಲ್ದೆ ಬೇಡ, ಮನೆಯಲ್ಲಿ ರೋಲರ್ ಹೊಡೆದು ಹಿಂದೆಯೇ ಬ್ರಷ್ ತುದಿ ಎಳೆಯೋದೇ ವಾಸಿ. ಒಂದೇ ಡಬ್ಬಿಯ ಮರೈನ್ ಪೇಂಟ್ ಮೆತ್ತಗೆ, ಬೇಗ ಮಂಕಾಗತ್ತೆ, ಆದ್ರೂ ಬಲೆ, ಲಂಗರು, ಬುಟ್ಟಿ ಎಲ್ಲಾ ಎಳೆದಾಡೋ ಬೋಟ್‌ಗೆ ನಾನು ಅದನ್ನೇ ಹಚ್ಚೋದು, ಗೀರು ಬಿದ್ದ ಕಡೆ ಸ್ವಲ್ಪ ಉಜ್ಜಿ ಅದೇ ಡಬ್ಬಿಯಿಂದ ತೇಪೆ ಹಾಕಿದ್ರೆ ಸಂಜೆಗೆ ಕೆಲಸ ಮುಗೀತು.